ಆಜೀವ ಸದಸ್ಯತ್ವ ಕೈಬಿಟ್ಟು ಸಸ್ಯೋದ್ಯಾನ ಉಳಿಸಿಕೊಂಡ ಬಗೆ: ನನ್ನ ಅನುಭವ

ತುಮಕೂರಿನ ಹೊರವಲಯದಲ್ಲಿ, ದೇವರಾಯನದುರ್ಗದ ಬೆಟ್ಟಸಾಲು ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಸುಮಾರು ಹನ್ನೊಂದು ಎಕರೆಯ ಸಾರ್ವಜನಿಕ ಸಸ್ಯೋದ್ಯಾನವೊಂದನ್ನು ನಮ್ಮ ಸಂಘವು ಸದಸ್ಯರ ಹಣದಿಂದಲೇ ನಡೆಸುತ್ತಿದೆ. ಪ್ರವೇಶ ಶುಲ್ಕವಿಲ್ಲ, ಸರ್ಕಾರದ ವಾರ್ಷಿಕ ಅನುದಾನವೂ ಇಲ್ಲ. ಈ ಕ್ರಮ ಎರಡು ವರ್ಷವೂ ಬಾಳುವುದಿಲ್ಲವೆಂದು ಹೇಳಿದವರು ಹೊರಗಿನವರಲ್ಲ, ಉದ್ಯಾನಗಳನ್ನು ನಡೆಸಿ ಅನುಭವವಿದ್ದವರೇ. ಲಾಲ್‌ಬಾಗಿನ ಜೊತೆಗೆ 1912ರಿಂದ ಮೈಸೂರು ಉದ್ಯಾನ ಕಲಾ ಸಂಘವಿದ್ದರೂ ತೋಟದ ಹೊಣೆ ಇರುವುದು ತೋಟಗಾರಿಕೆ ಇಲಾಖೆಯ ಮೇಲೆ, ಬರೀ ಸದಸ್ಯರನ್ನು ನಂಬಿಕೊಂಡು ಮರ ಬೆಳೆಸಲು ಹೊರಟರೆ ಮೊದಲ ಬರಕ್ಕೇ ಬೀಗ ಹಾಕಬೇಕಾಗುತ್ತದೆ ಎಂಬುದು ಅವರ ವಾದವಾಗಿತ್ತು. 2023ರ ಬರವನ್ನು ಒಬ್ಬ ಮಾಲಿಯನ್ನೂ ಬಿಡಿಸದೆ, ಸಾಲ ಮಾಡದೆ ದಾಟಿದ ಮೇಲೆ ಅವರಲ್ಲೇ ಕೆಲವರು ನಮ್ಮ ಲೆಕ್ಕದ ಪುಸ್ತಕ ನೋಡಲು ಬಂದರು. ಹೀಗೆ ಬಂದವರಿಗೆಲ್ಲ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಒಳ್ಳೆಯದೆನಿಸಿತು. ಸಂಘದ ನೋಂದಣಿ, ನರ್ಸರಿ ಕೆಲಸ, ಹನಿ ನೀರಾವರಿ ಮುಂತಾದವು ಓದುವವರಿಗೆ ತಿಳಿದೇ ಇವೆಯೆಂದು ಭಾವಿಸಿ ಅವನ್ನು ಬಿಟ್ಟಿದ್ದೇನೆ. ಅಂಕಿಗಳನ್ನು ನೆನಪಿನಿಂದ ಕೊಡುತ್ತಿರುವುದರಿಂದ ಅವು ಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ಮೊದಲ ನಾಲ್ಕೈದು ವರ್ಷ ಎಲ್ಲ ಸಂಘಗಳಂತೆ ನಾವೂ ಆಜೀವ ಸದಸ್ಯತ್ವವನ್ನೇ ನೆಚ್ಚಿಕೊಂಡಿದ್ದೆವು. ಐದು ಸಾವಿರ ರೂಪಾಯಿಯಂತೆ ನೂರೈವತ್ತು ಜನ ಸೇರಿ ಏಳೂವರೆ ಲಕ್ಷದಷ್ಟು ಕೂಡಿತು. ಅದರಲ್ಲಿ ಐದೂವರೆ ಲಕ್ಷ ತಂತಿಬೇಲಿಗೆ ಹೋಯಿತು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಕೊಳವೆಬಾವಿಗೆ ಹೋಯಿತು, ಅದು ಒಂಬೈನೂರು ಅಡಿಯವರೆಗೂ ಬರೀ ದೂಳು ಕೊಟ್ಟಿತು. ಅದರ ಬೆನ್ನಿಗೇ 2016ರ ಬರ ಬಂದಾಗ ಟ್ಯಾಂಕರ್ ನೀರಿಗೆ ಕೈಯಲ್ಲಿ ಕಾಸಿರಲಿಲ್ಲ. ಜೀವಮಾನಕ್ಕೆಂದು ಹಣ ಕೊಟ್ಟವರ ಮನೆಗೆ ಮೂರನೆಯ ವರ್ಷವೇ ಮತ್ತೆ ಹೋಗಿ ಕೈಚಾಚಲು ಯಾವ ಪದಾಧಿಕಾರಿಗೂ ಬಾಯಿ ಬರುವುದಿಲ್ಲ. ಆ ಹಣವನ್ನು ಠೇವಣಿ ಇಟ್ಟು ಬಡ್ಡಿಯಲ್ಲಿ ನಡೆಸಬಹುದಿತ್ತಲ್ಲ ಎನ್ನುವವರು ಲೆಕ್ಕ ಹಾಕಿ ನೋಡಬೇಕು: ಏಳೂವರೆ ಲಕ್ಷಕ್ಕೆ ಶೇಕಡಾ ಏಳರ ಬಡ್ಡಿಯಂತೆ ವರ್ಷಕ್ಕೆ ಐವತ್ತೆರಡು ಸಾವಿರ ಚಿಲ್ಲರೆ ಬರುತ್ತದೆ, ಅದು ಒಬ್ಬ ಮಾಲಿಯ ನಾಲ್ಕು ತಿಂಗಳ ಸಂಬಳಕ್ಕೂ ಸಾಲದು. ಮಾಲಿಯ ಸಂಬಳ ತಿಂಗಳು ತಿಂಗಳು ಕೊಡಬೇಕಾದದ್ದು. ಆಜೀವ ಸದಸ್ಯತ್ವದ ಹಣ ಬರುವುದು ಒಂದೇ ಸಲ.

2017ರ ಯುಗಾದಿಯ ಹೊತ್ತಿಗೆ ವಿಶೇಷ ಸಾಮಾನ್ಯ ಸಭೆ ಕರೆದು ಬೈಲಾ, ಅಂದರೆ ಸಂಘದ ನಿಯಮಾವಳಿ, ತಿದ್ದಿ, ಹೊಸ ಆಜೀವ ಸದಸ್ಯತ್ವವನ್ನು ಪೂರ್ತಿ ನಿಲ್ಲಿಸಿದೆವು. ಹಳೆಯ ಆಜೀವ ಸದಸ್ಯರ ಮತದ ಹಕ್ಕನ್ನು ಮುಟ್ಟಲಿಲ್ಲ. ಆದರೆ ಎಲ್ಲರಂತೆ ಅವರೂ ವರ್ಷಕ್ಕೊಂದು ನಿರ್ವಹಣಾ ಪಾಲು ಕೊಡಬೇಕೆಂದು ಕೇಳಿಕೊಂಡಾಗ ಮೂರರಲ್ಲಿ ಎರಡು ಪಾಲು ಜನ ಒಪ್ಪಿದರು. ಪಾಲು ತಿಂಗಳಿಗೆ ನೂರರಂತೆ ವರ್ಷಕ್ಕೆ 1,200 ರೂಪಾಯಿ. ಇಷ್ಟಕ್ಕೇ ಜನ ಕೊಡಲಾರಂಭಿಸಿದರೆಂದು ಯಾರೂ ತಿಳಿಯಬಾರದು, ಮೊದಲ ವರ್ಷ ನಿಜವಾಗಿ ಪಾಲು ಕೊಟ್ಟವರು ತೊಂಬತ್ತು ಮಂದಿಯೂ ಇರಲಿಲ್ಲ. ಕೆಲಸಕ್ಕೆ ಬಂದದ್ದು ಮುಂದಿನ ಎರಡು ಏರ್ಪಾಡುಗಳು.

ಮೊದಲನೆಯದಾಗಿ, ಉದ್ಯಾನವನ್ನು ಇಪ್ಪತ್ತರಷ್ಟು ತಾಕುಗಳಾಗಿ ಒಡೆದು, ಒಂದೊಂದು ತಾಕಿಗೆ ಇಪ್ಪತ್ತು ಇಪ್ಪತ್ತೈದು ಸದಸ್ಯರನ್ನು ಸೇರಿಸಿ, ಅವರಲ್ಲೊಬ್ಬರನ್ನು ಮುಂದಾಳಾಗಿ ಮಾಡಿದೆವು. ಹಣ ಕೇಳುವ ಕೆಲಸ ಆ ಮುಂದಾಳಿನದು, ಕಾರ್ಯದರ್ಶಿಯಾದ ನನ್ನದಲ್ಲ. ತಾಕಿನ ತುದಿಯಲ್ಲಿ ಒಂದು ಕರಿಹಲಗೆ ಇದೆ. ಆ ತಿಂಗಳು ಅಲ್ಲಿಗೆ ಹೋದ ನೀರು, ಕೂಲಿ, ಗೊಬ್ಬರದ ಖರ್ಚನ್ನೂ, ಸತ್ತ ಗಿಡಗಳ ಹೆಸರನ್ನೂ ಅದರ ಮೇಲೆ ಬರೆಯುತ್ತೇವೆ. ಸತ್ತದ್ದನ್ನು ಬರೆದರೆ ಸದಸ್ಯರು ಓಡಿಹೋಗುತ್ತಾರೆಂದು ನಮ್ಮ ಕಾರ್ಯಕಾರಿ ಸಮಿತಿಯಲ್ಲಿಯೇ ದೊಡ್ಡ ವಿರೋಧವಿತ್ತು. ನಡೆದದ್ದು ಬೇರೆ. ನಾಲ್ಕು ಗಿಡ ಸತ್ತ ತಾಕಿನವರು ಪಂಪು ಕೆಟ್ಟು ಎಷ್ಟು ದಿನವಾಗಿತ್ತೆಂದು ವಿಚಾರಿಸಿ, ತಾವೇ ಹಣ ಕೂಡಿಸಿ ಮೋಟಾರು ರಿವೈಂಡಿಂಗ್ ಮಾಡಿಸಿದರು.

ಎರಡನೆಯದು ದಾಖಲೆ ಪುಸ್ತಕ, ಅಂದರೆ ಪ್ರತಿ ಗಿಡಕ್ಕೂ ಒಂದು ಸಂಖ್ಯೆ ಕೊಟ್ಟು ಅದು ಯಾವುದು, ಎಲ್ಲಿಂದ ಬಂತೆಂದು ಬರೆದಿಡುವ ಪುಸ್ತಕ. ಪಾರ್ಕಿಗೂ ಸಸ್ಯೋದ್ಯಾನಕ್ಕೂ ಇರುವ ವ್ಯತ್ಯಾಸವೇ ಆ ಪುಸ್ತಕವೆಂದು ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತು, ಆದರೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವರೇ ಹೆಚ್ಚು. ನಾವು ಅದರೊಳಗಿನ ಒಂದು ಅಂಕಣವನ್ನು ಪ್ರತಿ ಮರದ ಮುಂದಿನ ಹೆಸರುಫಲಕಕ್ಕೆ ತಂದೆವು. ಕನ್ನಡದ ಹೆಸರು, ಸಸ್ಯಶಾಸ್ತ್ರೀಯ ಹೆಸರು, ಕುಟುಂಬ ಇವುಗಳ ಕೆಳಗೆ ಬೀಜ ಯಾವ ತಾಲ್ಲೂಕಿನ ಯಾವ ಊರಿನ ಗುಂಡುತೋಪು, ಗೋಮಾಳ ಅಥವಾ ಕೆರೆಯಂಗಳದಿಂದ ಬಂತೆಂಬುದನ್ನು ಕೆತ್ತಿಸಿದೆವು. ಮಂಡಿಪೇಟೆಯ ವ್ಯಾಪಾರಿಯೊಬ್ಬರು ದಿನವೂ ಬೆಳಿಗ್ಗೆ ವಾಕಿಂಗಿಗೆ ಬರುತ್ತಿದ್ದರು. ಸದಸ್ಯತ್ವದ ಮಾತೆತ್ತಿದಾಗಲೆಲ್ಲ “ಮೇಷ್ಟ್ರೇ, ಗೇಟು ಎಲ್ಲರಿಗೂ ತೆರೆದೇ ಇದೆ, ನಾನ್ಯಾಕೆ ದುಡ್ಡು ಕೊಡಲಿ?” ಎನ್ನುತ್ತಿದ್ದರು. ಒಂದು ದಿನ ಆಳೆತ್ತರದ ಹಿಪ್ಪೆ ಗಿಡದ ಮುಂದೆ ನಿಂತು ಕನ್ನಡಕ ಹಣೆಗೇರಿಸಿಕೊಂಡು ಫಲಕವನ್ನು ಎರಡು ಸಲ ಓದಿದರು. ಕೊರಟಗೆರೆ ತಾಲ್ಲೂಕಿನ ಅವರ ಹುಟ್ಟೂರಿನ ಹೆಸರು ಅಲ್ಲಿತ್ತು. “ಇದು ನಮ್ಮೂರ ತೋಪಿನದಾ? ಆ ತೋಪೇ ಈಗ ಇಲ್ಲವಲ್ಲ ಮೇಷ್ಟ್ರೇ” ಎಂದರು. ಆ ತಾಕಿನ ಮುಂದಾಳು ಈಗ ಅವರೇ. ಕಳೆದ ಆರೇಳು ವರ್ಷಗಳಿಂದ ಅವರ ತಾಕಿನಲ್ಲಿ ಒಂದು ಪಾಲೂ ಬಾಕಿ ಉಳಿದಿಲ್ಲ. ಮುಂದಾಳನ್ನು ಆರಿಸಲು ನಾವು ಬಳಸುವ ಇನ್ನೊಂದು ಒರೆಗಲ್ಲು ಇದೆ, ಅದನ್ನು ಬರೆದರೆ ನಮ್ಮ ಸದಸ್ಯರಿಗೇ ಮುಜುಗರವಾಗುವುದರಿಂದ ಇಲ್ಲಿ ಹೇಳಲಾರೆ.

ಹಣದ ಚಿತ್ರ ಈಗ ಹೀಗಿದೆ. ಪಾಲು ಕೊಡುವ ಸದಸ್ಯರು 470ರ ಆಸುಪಾಸು, ಅವರಿಂದ ಐದೂವರೆ ಲಕ್ಷ. ಸಸಿ ಮಾರಾಟದಿಂದ ಒಂದೂವರೆಯಿಂದ ಎರಡು ಲಕ್ಷ, ಬಿಡಿ ದೇಣಿಗೆಯಿಂದ ಅರವತ್ತೆಪ್ಪತ್ತು ಸಾವಿರ. ಇಬ್ಬರು ಮಾಲಿಗಳಿಗೂ ಒಬ್ಬ ಕಾವಲುಗಾರರಿಗೂ ಸೇರಿ ಐದು ಲಕ್ಷ, ವಿದ್ಯುತ್ತು ಮತ್ತು ಪಂಪಿಗೆ ಐವತ್ತು ಸಾವಿರ, ಗೊಬ್ಬರ, ಸಲಕರಣೆ, ಫಲಕ, ಲೆಕ್ಕ ಪರಿಶೋಧನೆ ಎಲ್ಲ ಸೇರಿ ಒಂದೂಕಾಲು ಲಕ್ಷದಷ್ಟು ಖರ್ಚು. ಉಳಿಯುವ ಸುಮಾರು ಒಂದು ಲಕ್ಷವನ್ನು ಬರನಿಧಿಯೆಂದು ಪ್ರತ್ಯೇಕ ಖಾತೆಯಲ್ಲಿಡುತ್ತೇವೆ. ಟ್ಯಾಂಕರಿಗಲ್ಲದೆ ಬೇರೆ ಯಾವುದಕ್ಕೂ ಅದನ್ನು ಮುಟ್ಟುವಂತಿಲ್ಲವೆಂದು ಬೈಲಾದಲ್ಲಿಯೇ ಬರೆದಿದೆ. 2023ರಿಂದ 24ರ ಬೇಸಿಗೆಯವರೆಗೆ ಅದರಿಂದ ಒಂದು ಲಕ್ಷ ನಲವತ್ತು ಸಾವಿರದಷ್ಟು ತೆಗೆದೆವು. ದೇಣಿಗೆಯ ವಿಷಯದಲ್ಲಿ ಒಂದು ಮಾತು: 80ಜಿ ರಿಯಾಯಿತಿ, ಅಂದರೆ ದೇಣಿಗೆ ಕೊಟ್ಟದ್ದಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ, ಬೇಕೆನ್ನುವವರಿಂದ ಎರಡು ಸಾವಿರಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯಬಾರದು, ಹಾಗೆ ಪಡೆದದ್ದಕ್ಕೆ ಅವರಿಗೆ ರಿಯಾಯಿತಿ ಸಿಗುವುದಿಲ್ಲ, ಮರುವರ್ಷ ಅವರು ನಿಮ್ಮ ಗೇಟಿನ ಕಡೆ ತಿರುಗಿಯೂ ನೋಡುವುದಿಲ್ಲ.

ಒಂದು ದಿನದ ಗಿಡ ನೆಡುವ ಕಾರ್ಯಕ್ರಮಗಳಿಂದ ನಮಗೆ ಲಾಭಕ್ಕಿಂತ ನಷ್ಟವೇ ಹೆಚ್ಚಾಗಿದೆ. ಒಂದು ದೊಡ್ಡ ಕಂಪನಿಯವರು ಬಸ್ಸಿನಲ್ಲಿ ಬಂದು ಮುನ್ನೂರು ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು ಹೋದರು. ಮರುವರ್ಷದ ಮಳೆಗಾಲಕ್ಕೆ ಉಳಿದದ್ದು ನಲವತ್ತು. ಅಂದಿನಿಂದ ಸಸಿಯೊಂದಕ್ಕೆ ಮೂರು ವರ್ಷದ ನೀರು ಮತ್ತು ಆರೈಕೆಯ ವೆಚ್ಚವೆಂದು 450 ರೂಪಾಯಿಯನ್ನು ಮುಂಗಡ ಕೊಟ್ಟವರಿಗೆ ಮಾತ್ರ ಗುಂಡಿ ತೋರಿಸುತ್ತೇವೆ. ಕೇಳುವವರ ಸಂಖ್ಯೆ ಕಡಿಮೆಯಾಯಿತು, ನೆಟ್ಟದ್ದು ಉಳಿಯುತ್ತಿದೆ.

ಇನ್ನು ಗಿಡಗಳ ವಿಷಯ. ಆರಂಭದಲ್ಲಿ ಎಲ್ಲರ ಒತ್ತಾಯಕ್ಕೆ ಅರ್ಧ ಎಕರೆ ಹುಲ್ಲುಹಾಸು, ಗುಲಾಬಿ, ಸಾಲುಸಾಲು ಬಾಟಲ್ ಪಾಮ್ ಹಾಕಲಾಗಿತ್ತು. ವರ್ಷಕ್ಕೆ 600ರಿಂದ 700 ಮಿಲಿಮೀಟರ್ ಮಳೆ, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್ ಅಕ್ಟೋಬರಿನಲ್ಲೇ ಸುರಿದು ಮುಗಿಯುವ ಈ ಸೀಮೆಯಲ್ಲಿ ಆ ಹುಲ್ಲುಹಾಸೊಂದೇ ಉಳಿದ ಹತ್ತು ಎಕರೆಗೆ ಸಾಲುವ ನೀರನ್ನು ಕುಡಿಯುತ್ತಿತ್ತು. ಅದನ್ನು ಕಿತ್ತು, ನಮ್ಮ ಕುರುಚಲು ಕಾಡಿನ ದಿಂಡಿಗ, ಕಮರ, ಜಾಲಾರಿ, ತುಪ್ರ, ಅರಿಶಿನ ಬೂರುಗ, ಮುತ್ತುಗಗಳಿಗೆ ಜಾಗ ಮಾಡಿದೆವು.

ಹೆಚ್ಚು ಕಾಡಿದ್ದು ಕಮರ. ಒಣಭೂಮಿಯ ಗಟ್ಟಿ ಮರವಾದರೂ ಪಾಲಿಥೀನ್ ಚೀಲದಲ್ಲಿ ಬೆಳೆಸಿದರೆ ತಾಯಿಬೇರು ತಳಮುಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ. ನೆಟ್ಟ ಮೊದಲ ವರ್ಷ ಹಸಿರಾಗಿಯೇ ಇದ್ದು ಎರಡನೆಯ ಬೇಸಿಗೆಯಲ್ಲಿ ಸಾಲಾಗಿ ಒಣಗುತ್ತದೆ. ಎರಡು ತಂಡ ಸಸಿಗಳು ಹೀಗೆ ಹೋಗಿ ನಲವತ್ತು ಸಾವಿರದಷ್ಟು ಮಣ್ಣುಪಾಲಾಯಿತು. ಗುಂಡಿಯಲ್ಲೇ ನೇರವಾಗಿ ಬೀಜ ಬಿತ್ತಿದಾಗ ಬೇರು ಸರಿಯಾಗಿ ಇಳಿಯಿತು, ಆದರೆ ಮೊದಲ ವರ್ಷ ನೆಲದ ಮೇಲೆ ಒಂದು ಗೇಣೂ ಕಾಣದ ಗಿಡವನ್ನು ಕಳೆಯೆಂದು ಕೂಲಿಯವರು ಕೆತ್ತಿಹಾಕಿದರು. ಕೊನೆಗೆ ಗೆದ್ದದ್ದು ಗುಜರಿಯ ಪಿವಿಸಿ ಪೈಪು. ಎರಡಡಿ ಉದ್ದಕ್ಕೆ ಕತ್ತರಿಸಿ, ಉದ್ದುದ್ದ ಸೀಳಿ ಎರಡು ಹೋಳು ಮಾಡಿ, ಮತ್ತೆ ಜೋಡಿಸಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು, ತಳಕ್ಕೆ ಜಾಲರಿ ಕಟ್ಟಿ, ಕಲ್ಲಿನ ಅಟ್ಟಣೆಯ ಮೇಲೆ ನಿಲ್ಲಿಸುತ್ತೇವೆ. ಬೇರಿನ ತುದಿ ಜಾಲರಿಗೆ ಬಂದು ಗಾಳಿಗೆ ಒಣಗಿ ತಾನೇ ನಿಲ್ಲುತ್ತದೆ, ಸುತ್ತಿಕೊಳ್ಳುವುದಿಲ್ಲ. ನೆಡುವಾಗ ಪಟ್ಟಿ ಬಿಚ್ಚಿದರೆ ಎರಡು ಹೋಳೂ ಕಳಚಿ, ಮಣ್ಣು ಅಲುಗದೆ ಬೇರು ನೆಟ್ಟಗೆ ನಿಂತಿರುವುದು ಕಾಣುತ್ತದೆ. ಹತ್ತಕ್ಕೆ ಏಳೆಂಟು ಉಳಿಯುತ್ತಿವೆ. ಈ ಜಿಲ್ಲೆಯಲ್ಲಿ ಕಮರವನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ಎಬ್ಬಿಸಿದ ಇನ್ನೊಂದು ನರ್ಸರಿಯನ್ನು ನಾನು ನೋಡಿಲ್ಲ.

ಜಾಲಾರಿಯಲ್ಲಿ ಸದಸ್ಯರ ಬಲ ಎದ್ದು ಕಾಣುತ್ತದೆ. ಅದರ ರೆಕ್ಕೆಬೀಜ ಉದುರಿದ ಮೇಲೆ ಒಂದು ವಾರ ಕಳೆಯುವಷ್ಟರಲ್ಲಿ ಜೀವ ಕಳೆದುಕೊಳ್ಳುತ್ತದೆ. ಟೆಂಡರು ಕರೆದು ಬೀಜ ತರಿಸುವ ವ್ಯವಸ್ಥೆಗೆ ಈ ಮರ ದಕ್ಕುವುದಿಲ್ಲ. ಹಳ್ಳಿಗಳಲ್ಲಿರುವ ನಮ್ಮ ಸದಸ್ಯರು ತಮ್ಮ ಹೊಲದ ಬದುವಿನ ಮರದಿಂದ ಬೀಜ ಉದುರಿದ ದಿನವೇ ಫೋನು ಮಾಡಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಬೈಕಿನಲ್ಲಿ ತಂದುಕೊಡುತ್ತಾರೆ, ಅಂದೇ ಸಂಜೆ ಬಿತ್ತನೆಯಾಗುತ್ತದೆ. ತಾಯಿಮರದ ಬುಡದ ಮಣ್ಣನ್ನು ಮಡಿಗೆ ಬೆರೆಸಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ನಾವು ಅದರ ಜೊತೆ ಬೆರೆಸುವ ಇನ್ನೊಂದು ವಸ್ತುವನ್ನು ಎರಡು ಹಂಗಾಮು ಇನ್ನೂ ಪರೀಕ್ಷಿಸುವವರೆಗೆ ಹೊರಗೆ ಹೇಳುವುದಿಲ್ಲ.

ನೀರಿನ ಉಳಿತಾಯಕ್ಕೆ ತಿಪಟೂರು, ಗುಬ್ಬಿ ಕಡೆಯ ಸದಸ್ಯರು ಸಾಗಣೆ ಖರ್ಚಿಗಷ್ಟೇ ತಂದುಕೊಡುವ ತೆಂಗಿನ ಸಿಪ್ಪೆಯನ್ನು ಮರಗಳ ನಡುವಿನ ಕಾಲುವೆಗಳಲ್ಲಿ ಒಳಮೈ ಮೇಲಾಗಿ ಜೋಡಿಸಿ ಹೂಳುತ್ತೇವೆ. ಮೇಲೆಯೇ ರಾಶಿ ಹಾಕಿದಾಗ ಗೆದ್ದಲು ಹಿಡಿದು ಎಳೆಯ ಗಿಡಗಳನ್ನೂ ತಿಂದಿತು. ಹೂಳಿದ ಮೇಲೆ ಆ ಕಾಟ ಬಹಳ ತಗ್ಗಿತು, ಬೇಸಿಗೆಯ ನೀರುಣಿಸುವ ಅಂತರವೂ ನಾಲ್ಕು ದಿನದಿಂದ ಎಂಟೊಂಬತ್ತು ದಿನಕ್ಕೆ ಹೋಯಿತು. ನಾರಿನ ಪುಡಿಯನ್ನು ಹಸಿಯಾಗಿ ಸಸಿಮಡಿಗೆ ಬಳಸಿದಾಗ ಅದರ ಉಪ್ಪಿಗೆ ಮೊಳಕೆಗಳು ಸುಟ್ಟುಹೋದವು. ಒಂದು ಮಳೆಗಾಲ ಪೂರ್ತಿ ತೊಯ್ದ ಪುಡಿಯನ್ನಷ್ಟೇ ಈಗ ಮುಟ್ಟುತ್ತೇವೆ.

ಫಲಕಗಳ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ದೊಡ್ಡ ಅಲ್ಯೂಮಿನಿಯಂ ಫಲಕಗಳು ಒಂದೇ ವರ್ಷದಲ್ಲಿ ಕಳುವಾಗಿ ಗುಜರಿ ಸೇರಿದವು. ಈಗ ಕಡಪ ಕಲ್ಲಿನ ಚೂರುಗಳ ಮೇಲೆ ಅಕ್ಷರ ಕೆತ್ತಿಸಿ ಬುಡದಲ್ಲಿ ನೆಡುತ್ತೇವೆ. ಒಂದಕ್ಕೆ 120 ರೂಪಾಯಿ ಬೀಳುತ್ತದೆ, ಕದಿಯುವವರಿಲ್ಲ. ದಾಖಲೆ ಸಂಖ್ಯೆಯ ಸಣ್ಣ ಬಿಲ್ಲೆಯನ್ನು ಮಾತ್ರ ಕೈಗೆಟುಕದ ಕೊಂಬೆಗೆ ಸ್ಪ್ರಿಂಗ್ ತಂತಿಯಿಂದ ತೂಗುಹಾಕುತ್ತೇವೆ, ಬರೀ ತಂತಿ ಸುತ್ತಿದರೆ ಬೂರುಗದಂಥ ಬೇಗ ದಪ್ಪವಾಗುವ ಮರದ ತೊಗಟೆಯೊಳಗೆ ಅದು ಹೂತುಹೋಗುತ್ತದೆ.

ಇದರ ನಡುವೆ ಮಾಗಳಿ ಬೇರಿನ ಪ್ರಯೋಗವೊಂದು ನಡೆದಿದೆ. ಉಪ್ಪಿನಕಾಯಿಗೆಂದು ಬೆಟ್ಟಗಳಲ್ಲಿ ಅಗೆದು ಅಗೆದು ಅಪರೂಪವಾಗುತ್ತಿರುವ ಈ ಬಳ್ಳಿಯನ್ನು ಚೀಲದಲ್ಲಿ ಬೆಳೆಸಬಹುದೇ ಎಂದು ನೋಡುವುದು ಉದ್ದೇಶ. ಕಾಂಡದ ತುಂಡುಗಳು ನೂರಕ್ಕೆ ಹತ್ತೂ ಬೇರು ಬಿಡಲಿಲ್ಲ, ಹೊಸ ಬೀಜ ಮಾತ್ರ ಚೆನ್ನಾಗಿ ಮೊಳೆಯಿತು. ಸಿಮೆಂಟಿನ ಚೀಲಕ್ಕೆ ಮರಳುಮಿಶ್ರಿತ ಕೆಮ್ಮಣ್ಣು ತುಂಬಿ ಮೂರು ವರ್ಷ ಕಾದರೆ ಚೀಲಕ್ಕೆ ಒಂದು ಕಿಲೋ ಬೇರು ಸಿಕ್ಕಿದ್ದೇ ಹೆಚ್ಚು. ಆದಾಯವಾಗಿ ಇದು ಏನೂ ಅಲ್ಲ. ಆದರೆ ಸದಸ್ಯರ ಮನೆಗಳಿಗೆ ನಲವತ್ತು ಐವತ್ತು ಚೀಲ ಹೋಗಿವೆ, ಅಷ್ಟರಮಟ್ಟಿಗೆ ಕಾಡಿನ ಬೇರು ಉಳಿಯುತ್ತದೆಂಬುದೇ ನನಗೆ ದೊಡ್ಡ ಸಮಾಧಾನ.

ಕಮರ ಪ್ರತಿ ವರ್ಷವೂ ಹೇರಳವಾಗಿ ಬೀಜ ಕಟ್ಟುವುದಿಲ್ಲ. ಕಟ್ಟಿದ ವರ್ಷ ಏಪ್ರಿಲ್, ಮೇ ತಿಂಗಳಿನಲ್ಲಿ ನಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಉದ್ಯಾನ ನಡೆಸುವವರು ಮಾರ್ಚ್ ಒಳಗೆ ತಿಳಿಸಿದರೆ ಅವರ ಪಾಲು ತೆಗೆದಿಡುತ್ತೇವೆ. ಹಣ ಬೇಡ, ತಮ್ಮ ಸೀಮೆಯ ಹಿಪ್ಪೆ ಅಥವಾ ತುಪ್ರದ ಹೊಸ ಬೀಜ ಕೊಟ್ಟರೆ ಸಾಕು. ಪೊಟ್ಟಣದ ಮೇಲೆ ಊರು, ತೋಪು ಮತ್ತು ಆಯ್ದ ತಾರೀಖನ್ನು ಬರೆದಿರಬೇಕು, ಅದಿಲ್ಲದ ಬೀಜವನ್ನು ನಾವು ಬಿತ್ತುವುದಿಲ್ಲ.