ತನ್ನ ಬಿರುಕನ್ನು ತಾನೇ ಮುಚ್ಚುವ ಕಾಂಕ್ರೀಟ್

ಇಲ್ಲಿ ಬಿರುಕು ಮುಚ್ಚುವುದು ಕಾಂಕ್ರೀಟಿನೊಳಗೆ ಸೇರಿಸಿದ ಬ್ಯಾಕ್ಟೀರಿಯಾ. ಮೊದಲ ಸಲ ನಾನು ಅದನ್ನು ಸುಮ್ನೆ ಕಾಂಕ್ರೀಟ್ ಕಲಸುವ ನೀರಿಗೆ ಸುರಿದುಬಿಟ್ಟಿದ್ದೆ. ಕೆಲಸ ಕೆಟ್ಟಿತು. ಹಸಿ ಕಾಂಕ್ರೀಟಿನ ಪಿಎಚ್ 12 ದಾಟುತ್ತದೆ, ಅಂದರೆ ಅಷ್ಟು ಕಟುವಾದ ಕ್ಷಾರ, ಯಾವ ಜೀವ ತಡೆದೀತು, ಅಲ್ವಾ?

ಕ್ಷಾರ ತಾಳುವ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ತಳಿ ಆರಿಸಿ, ಅದೂ ಬೀಜಕಗಳ ರೂಪದಲ್ಲಿ, ಅಂದರೆ ಗಟ್ಟಿ ಕವಚದೊಳಗೆ ನಿದ್ದೆ ಹೋದ ಸ್ಥಿತಿಯಲ್ಲಿ. ಸುಟ್ಟು ಉಬ್ಬಿಸಿದ ಜೇಡಿಮಣ್ಣಿನ ಹರಳುಗಳಿಗೆ ಮೊದಲು ಬ್ಯಾಕ್ಟೀರಿಯಾದ ಆಹಾರವಾದ ಕ್ಯಾಲ್ಸಿಯಂ ಲ್ಯಾಕ್ಟೇಟ್ ದ್ರಾವಣ, ಆಮೇಲೆ ಬೀಜಕ ಕುಡಿಸಿ, ಒಣಗಿಸಿ. ಜಲ್ಲಿಯ ಒಂದು ಪಾಲಿನ ಬದಲು ಇವನ್ನು ಕಲಸಿ. ಜಾಸ್ತಿ ಹಾಕಿದರೆ ಕಾಂಕ್ರೀಟಿನ ಬಲ ಕುಗ್ಗುತ್ತದೆ.

28 ದಿನ ಕ್ಯೂರಿಂಗ್ ಆದಮೇಲೆ ಕೂದಲೆಳೆಯಷ್ಟು ಬಿರಿಯಿಸಿ, ನೀರಲ್ಲಿಡಿ. ಬೀಜಕಗಳು ಎಚ್ಚೆತ್ತು ಲ್ಯಾಕ್ಟೇಟ್ ತಿಂದು ಸುಣ್ಣಕಲ್ಲು ಕಟ್ಟುತ್ತವೆ. ಭೂತಗನ್ನಡಿಯಲ್ಲಿ ನೋಡಿದೆ: ಬಿರುಕಿನ ಅಂಚಿಗೆ ಸಕ್ಕರೆ ಉದುರಿಸಿದಂತೆ ಬಿಳಿ ಹರಳು! ಹೋಲಿಸಿ ನೋಡಲು ಪಕ್ಕದಲ್ಲಿ ಬ್ಯಾಕ್ಟೀರಿಯಾ ಇಲ್ಲದ ತುಂಡೂ ಇರಲಿ. ಯಾಕಂದ್ರೆ ಸಾದಾ ಕಾಂಕ್ರೀಟೂ ಸಣ್ಣ ಬಿರುಕನ್ನು ಸ್ವಲ್ಪ ಮುಚ್ಚಿಕೊಳ್ಳುತ್ತದೆ.