ಹೆರಿಗೆಯ ಗಾಯ ಮುಚ್ಚಿಡಬೇಡಿ, ಒಂದು ಚೀಟಿ ಬರೆಯಿರಿ

ನನ್ನ ಮಗಳಿಗೆ ಈಗ ನಾಲ್ಕು ವರ್ಷ. ಹುಟ್ಟಿದಾಗ ಮೂರೂಮುಕ್ಕಾಲು ಕೆಜಿ ಇದ್ದಳು. ಫೋರ್ಸೆಪ್ಸ್ ಹಾಕಿ ತೆಗೆದರು. ಡಿಸ್ಚಾರ್ಜ್ ಚೀಟಿಯಲ್ಲಿ ‘ಥರ್ಡ್ ಡಿಗ್ರಿ ಟೇರ್’ ಅಂತ ಒಂದು ಸಾಲು ಇತ್ತು. ಅದೇನು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಾಣಂತನಕ್ಕೆ ತಿಪಟೂರಿನ ತವರಿಗೆ ಹೋದೆ.

ಇಪ್ಪತ್ತನೇ ದಿನ ಅತ್ತಿಗೆ ಪಕ್ಕ ಕೂತು ಹಾಲು ಕುಡಿಸುತ್ತಿದ್ದೆ. ಗ್ಯಾಸ್ ಹೋಯಿತು, ತಡೆಯೋಕೆ ಆಗಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೆ ಬಟ್ಟೆಗೂ ಆಯಿತು. ಎಲ್ಲರೂ ಮಲಗಿದ ಮೇಲೆ ಬಚ್ಚಲಿಗೆ ಹೋಗಿ, ನಲ್ಲಿಯ ಸದ್ದಾಗದ ಹಾಗೆ ಸಣ್ಣಗೆ ನೀರು ಬಿಟ್ಟುಕೊಂಡು ಒಗೆದೆ. ಐದು ತಿಂಗಳು ಹೀಗೇ ಒಗೆದಿದ್ದೇನೆ. ನಿಮ್ಮಲ್ಲಿ ಯಾರೂ ಹಾಗೆ ಒಗೆಯುತ್ತಾ ಕೂರಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಗಾಯ ಎಷ್ಟರದ್ದು ಅಂತ ತಿಳಿದುಕೊಳ್ಳಿ. ಹೆರಿಗೆಯಲ್ಲಿ ಹರಿಯುವುದಕ್ಕೆ ನಾಲ್ಕು ಹಂತ ಹೇಳುತ್ತಾರೆ. ಚರ್ಮ ಮಾತ್ರ ಹರಿದರೆ ಒಂದನೆಯದು. ಒಳಗಿನ ಸ್ನಾಯುವೂ ಹರಿದರೆ ಎರಡನೆಯದು. ಎರಡಕ್ಕೆ ಹೋಗುವ ಜಾಗವನ್ನು ಬಿಗಿಯಾಗಿ ಹಿಡಿದಿಡುವ ಸ್ನಾಯು ಹರಿದರೆ ಮೂರನೆಯದು. ಅದರ ಒಳಗಿನ ಪದರವೂ ಹರಿದರೆ ನಾಲ್ಕನೆಯದು. ಡಿಸ್ಚಾರ್ಜ್ ಚೀಟಿಯಲ್ಲಿ ಮೂರು ಅಥವಾ ನಾಲ್ಕು ಅಂತ ಇದ್ದರೆ, ತೊಂದರೆ ಕಾಣಲಿ ಬಿಡಲಿ, ಮತ್ತೆ ತೋರಿಸಲೇಬೇಕು. ಇಲ್ಲೊಂದು ಸಮಾಧಾನದ ಮಾತೂ ಇದೆ. ಸರಿಯಾಗಿ ಹೊಲಿಗೆ ಹಾಕಿ, ಆರೈಕೆ ಮಾಡಿದರೆ, ಇವರಲ್ಲೂ ಹೆಚ್ಚಿನವರು ಒಂದು ವರ್ಷದೊಳಗೆ ಸುಧಾರಿಸುತ್ತಾರೆ.

ಆದರೆ ಡಾಕ್ಟರ್ ಮುಂದೆ ಬಾಯಿ ಬರಬೇಕಲ್ವಾ? ಆರನೇ ವಾರದ ಚೆಕಪ್‌ನಲ್ಲಿ ‘ಎಲ್ಲ ಸರಿ ಇದೆಯೇನಮ್ಮಾ?’ ಅಂತ ಕೇಳಿದರು. ಪಕ್ಕದಲ್ಲಿ ಅಮ್ಮ, ಬಾಗಿಲಲ್ಲಿ ಮುಂದಿನ ಪೇಷಂಟ್. ‘ಹೂಂ’ ಅಂದು ಎದ್ದು ಬಂದೆ. ಐದನೇ ತಿಂಗಳಲ್ಲಿ ಬೇರೆ ಡಾಕ್ಟರ್ ಹತ್ತಿರ ಹೋಗುವಾಗ, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಇಷ್ಟು ಬರೆದುಕೊಂಡು ಹೋದೆ:

‘ಗ್ಯಾಸ್ ತಡೆಯೋಕೆ ಆಗಲ್ಲ. ತೆಳ್ಳಗೆ ಆದ ದಿನ ಬಚ್ಚಲಿಗೆ ಹೋಗುವಷ್ಟರಲ್ಲಿ ಬಟ್ಟೆಗೆ ಆಗುತ್ತೆ. ವಾರಕ್ಕೆ ಎರಡು ಮೂರು ಸಲ. ಹೆರಿಗೆಯಾದ 20ನೇ ದಿನದಿಂದ ಇದೆ. ಕೆಮ್ಮಿದರೆ ಮೂತ್ರ ಹನಿಯುತ್ತೆ. ಗಂಡನ ಜೊತೆ ಸೇರಲು ನೋವು.’

ಅವರು ಓದಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದು, ‘ಇದಕ್ಕೆ ಚಿಕಿತ್ಸೆ ಇದೆ’ ಅಂದರು. ನಾನು ಅಲ್ಲೇ ಅತ್ತುಬಿಟ್ಟೆ.

ಹಾಗಾಗಿ ನೀವೂ ಬರೆದುಕೊಂಡು ಹೋಗಿ. ‘ಸ್ವಲ್ಪ ತೊಂದರೆ’ ಅಂತ ಸುಮ್ನೆ ಹೇಳಿದರೆ ಯಾರಿಗೂ ಏನೂ ಗೊತ್ತಾಗಲ್ಲ. ಏನು ಸೋರುತ್ತೆ, ಯಾವಾಗ, ವಾರಕ್ಕೆ ಎಷ್ಟು ಸಲ, ಎಂದಿನಿಂದ, ಪ್ಯಾಡ್ ಎಷ್ಟು ಬೇಕು ಅಂತ ಬರೆಯಿರಿ. ಕೆಳಗೆ ಭಾರ ಅನಿಸಿದರೆ, ಏನೋ ಜಾರಿ ಬಂದ ಹಾಗಿದ್ದರೆ ಅದನ್ನೂ ಸೇರಿಸಿ. ಓದು ಬರಹ ಬಾರದವರು ಆಶಾ ಅಕ್ಕನ ಹತ್ತಿರ ಬರೆಸಿಕೊಳ್ಳಬಹುದು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಮಗುವನ್ನು ತೂಗಿ ಹೊರಡುವ ಮುಂಚೆ ನಿಮ್ಮ ಮಾತು ಹೇಳಿ.

ಮೊದಲ ವಾರಗಳಲ್ಲಿ ಗಾಯ ಮಾಯಲು ಬೇಕಾದದ್ದು ಸ್ವಚ್ಛತೆ ಮತ್ತು ಮಲ ಮೆತ್ತಗೆ ಇರುವುದು. ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಒಂದಕ್ಕೆ ಹೋಗುವಾಗ ಉರಿದರೆ ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರು ಸುರಿದುಕೊಳ್ಳುತ್ತಾ ಹೋಗಿ. ಒರೆಸದೆ, ಮೆತ್ತನೆ ಬಟ್ಟೆ ಒತ್ತಿ ಒಣಗಿಸಿ. ಹೊಲಿಗೆಗೆ ಅರಿಶಿನ, ಎಣ್ಣೆ ಏನೂ ಬೇಡ. ಕೆಂಡದ ಕಾವು ಕೂಡ ಆ ಜಾಗಕ್ಕೆ ಬೇಡ. ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ, ಹೊಲಿಗೆ ಬಿಟ್ಟುಕೊಂಡರೆ ಅವತ್ತೇ ಹೋಗಿ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ 108ಕ್ಕೆ ಫೋನ್ ಮಾಡಿ.

ಪಥ್ಯದ ವಿಷಯದಲ್ಲಿ ನಮ್ಮ ಮನೆಯಲ್ಲಿ ದೊಡ್ಡ ತಪ್ಪಾಯಿತು. ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ಇಷ್ಟೇ ಊಟ. ನೀರು ದಿನಕ್ಕೆ ಎರಡು ಲೋಟ. ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತೆ ಅಂತ. ಮಲ ಕಲ್ಲಿನ ಹಾಗೆ ಗಟ್ಟಿಯಾಯಿತು, ನಾನು ತಿಣುಕುತ್ತಿದ್ದೆ. ಹೊಲಿಗೆ ಹಾಕಿದ ಸ್ನಾಯುವಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಅಮ್ಮನ ಜೊತೆ ವಾದ ಮಾಡಿ ಏನೂ ಆಗಲಿಲ್ಲ. ಮುಂದಿನ ಸಲ ಅಮ್ಮನನ್ನೇ ಡಾಕ್ಟರ್ ಮುಂದೆ ಕೂರಿಸಿದೆ. ‘ನೀರು ಕೊಡಿ, ಸೊಪ್ಪು ತರಕಾರಿ ಹಣ್ಣು ಕೊಡಿ’ ಅಂತ ಅವರೇ ಹೇಳಿದರು. ಮಾರನೇ ದಿನದಿಂದ ನುಗ್ಗೆಸೊಪ್ಪು, ಹೆಸರುಬೇಳೆ, ಬಾಳೆಹಣ್ಣು ಬಂತು. ದೊಡ್ಡ ಗಾಯಕ್ಕೆ ಹೆರಿಗೆಯಾದ ಕೂಡಲೇ ಮಲ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್‌ನಂಥ ಸಿರಪ್ ಬರೆದುಕೊಡುತ್ತಾರೆ. ಅದನ್ನು ನಡುವೆ ಬಿಡಬೇಡಿ. ಸೋರುತ್ತೆ ಅಂತ ಹೆದರಿ ನೀರು ಕಡಿಮೆ ಮಾಡುವುದೂ ತಪ್ಪು. ಮಲ ಇನ್ನೂ ಗಟ್ಟಿಯಾಗುತ್ತೆ, ಮೂತ್ರ ಉರಿಯುತ್ತೆ.

ಇನ್ನು ವ್ಯಾಯಾಮ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದು ಹೀಗೆ. ನಾಲ್ಕು ಜನರ ಮುಂದೆ ಗ್ಯಾಸ್ ತಡೆಯುತ್ತೀರಲ್ಲ, ಹಾಗೆ ಹಿಂದಿನಿಂದ ಬಿಗಿ ಹಿಡಿದು, ಮೂತ್ರ ತಡೆಯುವ ಹಾಗೆ ಮುಂದಕ್ಕೂ ಬಿಗಿದು, ಒಳಗೆ ಮೇಲಕ್ಕೆ ಎಳೆದುಕೊಳ್ಳಿ. ತೊಡೆ, ಪೃಷ್ಠ ಬಿಗಿಯಬಾರದು. ಉಸಿರು ಕಟ್ಟಬಾರದು. ಶುರುವಿಗೆ ಎರಡು ಮೂರು ಸೆಕೆಂಡ್ ಹಿಡಿದರೂ ಸಾಕು, ನಿಧಾನವಾಗಿ 10ಕ್ಕೆ ತನ್ನಿ. ಬಿಗಿದಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಒಂದು ಸಲಕ್ಕೆ 8, ದಿನಕ್ಕೆ ಮೂರು ಹೊತ್ತು, ಕಡಿಮೆ ಅಂದರೂ ಮೂರು ತಿಂಗಳು. ಮೂತ್ರ ಹೋಗುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ. ಕೆಮ್ಮು ಬರುವ ಮುಂಚೆ, ಕೊಡ ಎತ್ತುವ ಮುಂಚೆ ಒಮ್ಮೆ ಬಿಗಿಯಿರಿ. ದೊಡ್ಡ ಹೊಲಿಗೆ ಇದ್ದವರು ಯಾವಾಗ ಶುರು ಮಾಡಬೇಕು ಅಂತ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.

ನನಗೆ ಮೊದಲ ಎರಡು ತಿಂಗಳು ಏನೂ ವ್ಯತ್ಯಾಸ ಕಾಣಲಿಲ್ಲ. ಬಿಟ್ಟುಬಿಡೋಣ ಅನಿಸಿತ್ತು. ಮಗಳು ಹಾಲು ಕುಡಿಯುವ ಹೊತ್ತಿಗೇ ಗಂಟು ಹಾಕಿಕೊಂಡಿದ್ದರಿಂದ ಬಿಡಲಿಲ್ಲ. ವ್ಯಾಯಾಮ ಶುರು ಮಾಡಿದ ಏಳನೇ ತಿಂಗಳಲ್ಲಿ ತಿಪಟೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ, ಪ್ಯಾಡ್ ಇಲ್ಲದೆ, ಕಿಟಕಿ ಪಕ್ಕ ಕೂತು ಬಂದೆ. ವ್ಯಾಯಾಮದಿಂದ ಎಲ್ಲರಿಗೂ ಪೂರ್ತಿ ವಾಸಿಯಾಗಲ್ಲ. ಕೆಲವರಿಗೆ ಮತ್ತೆ ಆಪರೇಷನ್ ಬೇಕಾಗಬಹುದು. ಗರ್ಭಕೋಶ ಜಾರಿದರೆ ಒಳಗೆ ಇಡುವ ರಿಂಗ್ ಕೂಡ ಇದೆ. ಯಾರಾದರೂ ನೇರವಾಗಿ ‘ಗರ್ಭಕೋಶ ತೆಗೆಸಿಬಿಡಿ’ ಅಂದರೆ ಇನ್ನೊಬ್ಬ ಡಾಕ್ಟರನ್ನೂ ಕೇಳಿ.

ಒಂದು ಗಾಯಕ್ಕೆ ಮಾತ್ರ ವ್ಯಾಯಾಮ ಮಾಡುತ್ತಾ ಕಾಯಬಾರದು. ತುಂಬಾ ಹೊತ್ತು ನೋವು ತಿಂದು ಹೆತ್ತ ಮೇಲೆ, ಕೂತರೂ ಮಲಗಿದರೂ ಮೂತ್ರ ಹನಿಯುತ್ತಲೇ ಇದ್ದರೆ, ಮೂತ್ರಚೀಲಕ್ಕೂ ಹೆರಿಗೆ ದಾರಿಗೂ ನಡುವೆ ತೂತು ಬಿದ್ದಿರಬಹುದು. ಇದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಬೇಗ ಹೋಗಿ ಕೆಲವು ವಾರ ಕ್ಯಾಥೆಟರ್ (ಮೂತ್ರ ಹೊರಗೆ ಹರಿಸುವ ಕೊಳವೆ) ಇಟ್ಟರೆ ಸಣ್ಣ ತೂತು ತಾನೇ ಮುಚ್ಚಬಹುದು. ಇಲ್ಲದಿದ್ದರೆ ಆಪರೇಷನ್ ಇದೆ. ತಾಲ್ಲೂಕು ಆಸ್ಪತ್ರೆಯಿಂದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಬರೆಸಿಕೊಂಡು ಹೋಗಿ. ವರ್ಷಗಳಿಂದ ಸೋರುತ್ತಿದ್ದವರಿಗೂ ಆಪರೇಷನ್‌ನಿಂದ ವಾಸಿಯಾಗಿದೆ.

ಗಂಡನಿಗೆ ಹೇಳಿ. ನನ್ನವರಿಗೆ ಆ ಚೀಟಿಯನ್ನೇ ಓದಲು ಕೊಟ್ಟೆ. ಆಮೇಲೆ ರಾತ್ರಿ ಒಗೆಯುವ ಕೆಲಸ ಅವರದಾಯಿತು. ನೋವು ಇರುವಷ್ಟು ದಿನ ಸೇರುವುದು ಬೇಡ. ಆರು ವಾರ ಆಯಿತು ಅಂತ ಒಪ್ಪಿಕೊಳ್ಳಬೇಕಿಲ್ಲ. ಮನಸ್ಸು ತುಂಬಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ.

ಡಿಸ್ಚಾರ್ಜ್ ಚೀಟಿಯನ್ನು ಜೋಪಾನ ಮಾಡಿ. ಮುಂದಿನ ಹೆರಿಗೆ ಹೇಗೆ ಮಾಡಬೇಕು, ಸಿಸೇರಿಯನ್ ಬೇಕಾ ಅಂತ ತೀರ್ಮಾನಿಸಲು ಅದು ಬೇಕು. ನನಗೆ ಈಗ ಮತ್ತೆ ಐದು ತಿಂಗಳು. ಮೊದಲ ಚೆಕಪ್‌ಗೇ ಅದನ್ನೂ, ಆ ಕ್ಯಾಲೆಂಡರ್ ಹಾಳೆಯನ್ನೂ ಒಟ್ಟಿಗೆ ಫೈಲಿನಲ್ಲಿಟ್ಟು ಒಯ್ದಿದ್ದೆ.