ಗಾಳ ಎಷ್ಟು ಆಳದಲ್ಲಿತ್ತು: ಬೆಟ್ಟದ ಸರೋವರದಲ್ಲಿ ಟ್ರೌಟ್ ಹಿಡಿಯಲು ಕಲಿತ ನನ್ನ ಅನುಭವ

ಮೊದಲ ಮೂರು ದಿನಗಳಲ್ಲಿ ಆ ಸರೋವರದ ಮೇಲೆ ನಾನು ಒಟ್ಟು ಹದಿನಾರು ಗಂಟೆ ದೋಣಿ ನಡೆಸಿದ್ದೆ. ಒಂದು ಮೀನೂ ನನ್ನ ಗಾಳವನ್ನು ಮೂಸಿಯೂ ನೋಡಿರಲಿಲ್ಲ. ನೀರಿನಲ್ಲಿ ಮೀನೇ ಇಲ್ಲವೆಂದು ಸಮಾಧಾನ ಹೇಳಿಕೊಳ್ಳುವಂತೆಯೂ ಇರಲಿಲ್ಲ, ಏಕೆಂದರೆ ಶಬ್ದದಲೆಗಳಿಂದ ನೀರೊಳಗಿನ ಮೀನನ್ನೂ ತಳವನ್ನೂ ತೋರಿಸುವ ಸೋನಾರ್ ಯಂತ್ರದ ಪರದೆಯ ಮೇಲೆ ಅವುಗಳ ಕಮಾನಿನಾಕಾರದ ಗುರುತುಗಳು ಆಗಾಗ ಮೂಡಿ ಮರೆಯಾಗುತ್ತಿದ್ದವು. ಹೊಸಬರೆಲ್ಲರೂ ಮಾಡುವಂತೆ ನಾನೂ ಅರ್ಧ ಗಂಟೆಗೊಮ್ಮೆ ಸ್ಪೂನ್, ಅಂದರೆ ಮರಿಮೀನಿನಂತೆ ಮಿನುಗುವ ಚಮಚದಾಕಾರದ ಲೋಹದ ಗಾಳ, ಬದಲಿಸಿದೆ: ಬೆಳ್ಳಿಯ ಬಣ್ಣದ್ದು, ತಾಮ್ರದ್ದು, ಹಸಿರು ಚುಕ್ಕೆಯದ್ದು, ಕೆಂಪು ಪಟ್ಟೆಯದ್ದು. ಪೆಟ್ಟಿಗೆಯಲ್ಲಿದ್ದ ಬಣ್ಣಗಳೆಲ್ಲ ಮುಗಿದ ಮೇಲೆ ಮತ್ತೆ ಬೆಳ್ಳಿಗೇ ಮರಳಿದೆ. ತಪ್ಪು ಬಣ್ಣದಲ್ಲಿರಲಿಲ್ಲ. ಪರದೆಯ ಮೇಲಿನ ಗುರುತುಗಳು 14 ಮೀಟರ್ ಆಳದಲ್ಲಿದ್ದವು, ನನ್ನ ಸ್ಪೂನ್ ಎರಡು ಮೀಟರ್ ಆಳದಲ್ಲಿ ಹಿಂದೆ ಬರುತ್ತಿತ್ತು. ಅದು ಎಷ್ಟು ಆಳದಲ್ಲಿದೆ ಎಂಬ ಪ್ರಶ್ನೆಯನ್ನೇ ನಾನು ಕೇಳಿಕೊಂಡಿರಲಿಲ್ಲ.

ಅದಕ್ಕೆ ಹಿಂದೆ ನಾನು ಗಾಳ ಹಾಕಿದ್ದು ಹೊಳೆಯಲ್ಲಿ ಮಾತ್ರ. ಹೊಳೆಯ ಟ್ರೌಟ್ ಹರಿವಿಗೆ ಮುಖ ಮಾಡಿ ಒಂದು ಕಲ್ಲಿನ ಮರೆಯಲ್ಲಿ ನಿಂತಿರುತ್ತದೆ, ನೀರೇ ಅದರ ಬಾಯಿಗೆ ಆಹಾರವನ್ನು ತಂದುಕೊಡುತ್ತದೆ. ಆದುದರಿಂದ ಆ ಕಲ್ಲನ್ನು ಗುರುತಿಸುವುದರಲ್ಲಿಯೇ ಅರ್ಧ ಕೆಲಸ ಮುಗಿಯುತ್ತದೆ. ಸರೋವರದಲ್ಲಿ ಹರಿವಿಲ್ಲ, ಆಹಾರ ಒಂದೆಡೆ ನಿಲ್ಲುವುದಿಲ್ಲ, ಅದನ್ನು ಅರಸಿಕೊಂಡು ಮೀನು ತಿರುಗುತ್ತಲೇ ಇರುತ್ತದೆ. ಟ್ರೋಲಿಂಗ್ ಎಂದರೆ ದೋಣಿಯನ್ನು ನಿಧಾನವಾಗಿ ನಡೆಸುತ್ತ, ಹಿಂದೆ ಉದ್ದನೆಯ ದಾರದ ತುದಿಯಲ್ಲಿ ಸ್ಪೂನ್ ಅಥವಾ ಹುಸಿಮೀನನ್ನು ಎಳೆದುಕೊಂಡು ಹೋಗಿ, ಅಲೆಯುವ ಮೀನಿನ ದಾರಿಗೆ ಅದನ್ನು ಒಡ್ಡುವುದು. ದೂರದಿಂದ ನೋಡುವವರಿಗೆ ಇದು ಸೋಮಾರಿಗಳ ಕೆಲಸದಂತೆ ಕಾಣುತ್ತದೆ, ನನಗೂ ಹಾಗೆಯೇ ಕಂಡಿತ್ತು. ಆದರೆ ಹೊಳೆಯಲ್ಲಿ ಕಣ್ಣಿಗೆ ಕಾಣುವ ಜಾಗಕ್ಕೆ ಗಾಳ ಎಸೆದಿದ್ದವನು ಇಲ್ಲಿ ಉದ್ದ, ಅಗಲಗಳ ಜೊತೆಗೆ ಆಳವೆಂಬ ಮೂರನೆಯ ಅಳತೆಯಲ್ಲಿಯೂ ಕುರುಡನಂತೆ ತಡವಬೇಕಾಗುತ್ತದೆ.

ಮೀನು ಆ ಆಳದಲ್ಲಿಯೇ ಏಕಿತ್ತು ಎಂಬುದು ಥರ್ಮಾಮೀಟರ್ ಇಳಿಸಿ ನೋಡಿದ ಮೇಲೆ ಅರ್ಥವಾಯಿತು. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಸಾಂದ್ರವಾಗಿರುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಮೇಲ್ನೀರು ಹಗುರಾಗಿ ಮೇಲೆಯೇ ಉಳಿಯುತ್ತದೆ, ತಣ್ಣನೆಯ ನೀರು ಕೆಳಗೆ ಕುಳಿತಿರುತ್ತದೆ, ಇವೆರಡರ ನಡುವೆ ಉಷ್ಣತೆ ಥಟ್ಟನೆ ಇಳಿಯುವ ಒಂದು ಪದರ ಉಂಟಾಗುತ್ತದೆ. ಇದನ್ನು ಥರ್ಮೋಕ್ಲೈನ್ ಎನ್ನುತ್ತಾರೆ. ಅತಿ ಕಡಿಮೆ ಉಷ್ಣತೆಯನ್ನು ನೆನಪಿಟ್ಟುಕೊಳ್ಳುವ, ನೀರು ಹೊಗದ ಒಂದು ಥರ್ಮಾಮೀಟರನ್ನು ಗುರುತು ಹಾಕಿದ ಹುರಿಗೆ ಕಟ್ಟಿ, ಪ್ರತಿ ಆಳದಲ್ಲಿಯೂ ಕೆಲವು ನಿಮಿಷ ನಿಲ್ಲಿಸಿ ಮೇಲೆತ್ತಿ ಬರೆದುಕೊಂಡೆ. ಜುಲೈ ತಿಂಗಳ ಆ ಬೆಳಿಗ್ಗೆ ಮೇಲ್ಮೈಯಲ್ಲಿ 18 ಡಿಗ್ರಿ, 10 ಮೀಟರಿನಲ್ಲಿ 16, 14 ಮೀಟರಿನಲ್ಲಿ 12, 20 ಮೀಟರಿನಲ್ಲಿ 7 ಡಿಗ್ರಿ ಇತ್ತು. ರೇನ್‌ಬೋ ಟ್ರೌಟ್‌ಗೆ ಹಿತವಾದ ನೀರು ಸುಮಾರು 12ರಿಂದ 16 ಡಿಗ್ರಿಯದ್ದು. ಲೇಕ್ ಟ್ರೌಟ್ ಇನ್ನೂ ತಣ್ಣನೆಯ ನೀರನ್ನು, ಸುಮಾರು 10 ಡಿಗ್ರಿಯ ಆಸುಪಾಸನ್ನು ಬಯಸುತ್ತದೆ. ಅಂದರೆ ನನ್ನ ಸೋನಾರ್ ಮೂರು ದಿನಗಳಿಂದ ತೋರಿಸುತ್ತಿದ್ದುದನ್ನೇ ಥರ್ಮಾಮೀಟರ್ ಬೇರೆ ಭಾಷೆಯಲ್ಲಿ ಹೇಳಿತ್ತು. ಸೋನಾರಿನ ಸೂಕ್ಷ್ಮತೆಯನ್ನು ಹೆಚ್ಚಿಸಿದರೆ ಈ ಪದರವೇ ಪರದೆಯ ಅಡ್ಡಕ್ಕೆ ಮಸುಕಾದ ಪಟ್ಟಿಯಂತೆ ಕಾಣಿಸುತ್ತದೆ ಎಂದು ಆಮೇಲೆ ತಿಳಿಯಿತು. ನಾನು ಅದನ್ನು ಯಂತ್ರದ ದೋಷವೆಂದು ಭಾವಿಸಿ ಅಳಿಸಿ ಹಾಕುತ್ತಿದ್ದೆ.

ಮೀನಿನ ಆಳ ತಿಳಿಯಿತು, ಇನ್ನು ಸ್ಪೂನಿನ ಆಳ ತಿಳಿಯಬೇಕಿತ್ತು. ಡೌನ್‌ರಿಗ್ಗರ್ ಇದ್ದವರಿಗೆ ಇದು ಸುಲಭ: ನಾಲ್ಕೈದು ಕಿಲೋ ತೂಕದ ಗುಂಡನ್ನು ಉಕ್ಕಿನ ತಂತಿಯಲ್ಲಿ ಇಳಿಸಿ, ಗಾಳದ ದಾರವನ್ನು ಅದರ ಬಳಿ ಒಂದು ಚಿಮಟಕ್ಕೆ ಸಿಕ್ಕಿಸಿದರೆ, ಮೀನು ಎಳೆದೊಡನೆ ದಾರ ಚಿಮಟದಿಂದ ಬಿಡಿಸಿಕೊಳ್ಳುತ್ತದೆ. ನಮ್ಮ ದೋಣಿಯಲ್ಲಿ ಅದಿರಲಿಲ್ಲ. ನಾನು ಆರಿಸಿಕೊಂಡದ್ದು ಸೀಸದ ತಿರುಳಿರುವ ದಾರ. ನೇಯ್ದ ಹೊದಿಕೆಯೊಳಗೆ ತೆಳು ಸೀಸದ ಎಳೆಯಿರುವ ಈ ದಾರದ ಬಣ್ಣ ಪ್ರತಿ 10 ಗಜಕ್ಕೊಮ್ಮೆ, ಅಂದರೆ ಸುಮಾರು 9 ಮೀಟರಿಗೊಮ್ಮೆ ಬದಲಾಗುತ್ತದೆ. ಎಷ್ಟು ಬಣ್ಣ ಬಿಟ್ಟಿದ್ದೇವೆ ಎಂದು ಎಣಿಸಿದರೆ ಎಷ್ಟು ಉದ್ದ ಬಿಟ್ಟಿದ್ದೇವೆ ಎಂಬುದು ಗೊತ್ತಾಗುತ್ತದೆ. ನಿಧಾನ ನಡಿಗೆಯ ವೇಗದಲ್ಲಿ ಒಂದು ಬಣ್ಣ ಒಂದೂವರೆ ಮೀಟರಿನಷ್ಟು ಮುಳುಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಆದರೆ ವೇಗ ತುಸು ಹೆಚ್ಚಿದರೂ ದಾರ ಮೇಲೇಳುತ್ತದೆ, ಸ್ಪೂನಿನ ಗಾತ್ರ ಬದಲಾದರೂ ಲೆಕ್ಕ ತಪ್ಪುತ್ತದೆ, ಆದುದರಿಂದ ಇನ್ನೊಬ್ಬರ ಲೆಕ್ಕವನ್ನು ನಂಬಿ ಕೂರುವಂತಿರಲಿಲ್ಲ.

ಆಗ ನಾನು ಮಾಡಿದ ಕೆಲಸದಿಂದ ಮೀನು ಸಿಗಲಿಲ್ಲ, ಎರಡು ಸ್ಪೂನ್‌ಗಳು ಕಳೆದವು, ಒಂದು ಇಡೀ ಬೆಳಗು ಹೋಯಿತು. ಆದರೂ ಆ ಬೇಸಿಗೆಯಲ್ಲಿ ಅಷ್ಟು ಉಪಯುಕ್ತವಾದ ಬೆಳಗು ಬೇರೊಂದಿರಲಿಲ್ಲ. ಸರೋವರದ ಒಂದು ಮೂಲೆಯಲ್ಲಿ ತಳವು 20 ಮೀಟರಿನಿಂದ ದಡದ ಕಡೆಗೆ ಮೆಲ್ಲನೆ ಏರುತ್ತ ಬರುವ, ಬಂಡೆಗಳಿಲ್ಲದ ಮರಳಿನ ಇಳಿಜಾರಿತ್ತು. ಐದು ಬಣ್ಣ ದಾರ ಬಿಟ್ಟು, ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ಆಳದಿಂದ ದಡದತ್ತ ನೇರವಾಗಿ ಬಂದೆ. ಸ್ಪೂನ್ ತಳಕ್ಕೆ ತಾಗಿದಾಗ ಕೋಲಿನ ತುದಿಯ ಸಣ್ಣ ನಡುಕ ನಿಂತು, ಅದರ ಬದಲು ತುದಿ ತಲೆದೂಗುವಂತೆ ಬಾಗಿತು. ಆ ಕ್ಷಣದ ಆಳವನ್ನು ಸೋನಾರಿನಲ್ಲಿ ನೋಡಿಕೊಂಡೆ. ಸ್ಪೂನ್ ದೋಣಿಯ ಹಿಂದೆ ಸುಮಾರು 50 ಮೀಟರ್ ದೂರದಲ್ಲಿರುವುದರಿಂದ ದೋಣಿಯ ಕೆಳಗಿನ ಆಳವಲ್ಲ, ಅಷ್ಟು ದೂರ ಹಿಂದಿನ ಆಳ ಬೇಕಾಗುತ್ತದೆ ಎಂಬುದು ಎರಡನೆಯ ಸುತ್ತಿನಲ್ಲಷ್ಟೇ ಹೊಳೆಯಿತು. ಹೀಗೆ ಆರು, ಎಂಟು, ಹತ್ತು ಬಣ್ಣಗಳಿಗೂ, ಎರಡು ಬೇರೆ ವೇಗಗಳಿಗೂ ಮಾಡಿ ನೋಟುಪುಸ್ತಕದಲ್ಲಿ ಬರೆದೆ. ಐದು ಬಣ್ಣಕ್ಕೆ 3 ಕಿಲೋಮೀಟರ್ ವೇಗದಲ್ಲಿ 8 ಮೀಟರ್ ಬಂತು, 4 ಕಿಲೋಮೀಟರ್ ವೇಗದಲ್ಲಿ 6 ಮೀಟರ್ ಕೂಡ ಬರಲಿಲ್ಲ. ಪುಟದಲ್ಲಿ ಬರೆದಿಟ್ಟ ಆ ಹತ್ತು ಹನ್ನೆರಡು ಅಂಕಿಗಳಷ್ಟು ಬೆಲೆಬಾಳುವ ಸಾಮಾನು ನನ್ನ ಪೆಟ್ಟಿಗೆಯಲ್ಲಿ ಈಗಲೂ ಇಲ್ಲ.

ವೇಗದ ವಿಷಯ ಇದಕ್ಕಿಂತ ಜಟಿಲ. ಟ್ರೌಟ್‌ಗೆ ಗಂಟೆಗೆ ಸುಮಾರು ಎರಡೂವರೆಯಿಂದ ನಾಲ್ಕು ಕಿಲೋಮೀಟರ್ ಎನ್ನುತ್ತಾರೆ, ಆ ಮಾತು ಸರಿಯೇ. ಆದರೆ ಜಿಪಿಎಸ್ ತೋರಿಸುವುದು ನೆಲದ ಲೆಕ್ಕದ ವೇಗವನ್ನು. ಸ್ಪೂನಿಗೆ ಬೇಕಾದದ್ದು ನೀರಿನ ಲೆಕ್ಕದ ವೇಗ. ದೊಡ್ಡ ಸರೋವರದಲ್ಲಿ ಗಾಳಿ ಮೇಲಿನ ನೀರನ್ನು ತಳ್ಳುತ್ತಿರುತ್ತದೆ, ಕೆಳಗಿನ ನೀರು ಕೆಲವೊಮ್ಮೆ ಅದಕ್ಕೆ ಎದುರು ದಿಕ್ಕಿಗೆ ಸರಿಯುತ್ತಿರುತ್ತದೆ. ಹೋಗುವಾಗಲೂ ಬರುವಾಗಲೂ ಪರದೆಯ ಮೇಲೆ 3.2 ಎಂದೇ ಇದ್ದರೂ ಒಂದು ದಿಕ್ಕಿನಲ್ಲಿ ಕೋಲಿನ ತುದಿ ಚುರುಕಾಗಿ ಮಿಡಿಯುತ್ತಿತ್ತು, ಇನ್ನೊಂದು ದಿಕ್ಕಿನಲ್ಲಿ ಸತ್ತಂತೆ ನಿಂತಿರುತ್ತಿತ್ತು. ಅಂದಿನಿಂದ ಪರದೆಗಿಂತ ಕೋಲಿನ ತುದಿಯನ್ನೇ ಹೆಚ್ಚು ನೋಡತೊಡಗಿದೆ. ಯಾವ ಸ್ಪೂನನ್ನೇ ಕಟ್ಟಿದರೂ ಮೊದಲು ದೋಣಿಯ ಪಕ್ಕದ ತಿಳಿನೀರಿನಲ್ಲಿ ಇಳಿಸಿ, ಅದು ಗಾಯಗೊಂಡ ಮರಿಮೀನಿನಂತೆ ಓಲಾಡುವ ವೇಗ ಯಾವುದು, ಬುಗುರಿಯಂತೆ ಗಿರಗಿರನೆ ತಿರುಗಿಬಿಡುವ ವೇಗ ಯಾವುದು ಎಂದು ಕಣ್ಣಾರೆ ನೋಡಿಕೊಳ್ಳುತ್ತೇನೆ. ಮಿಡಿತ ನಿಂತರೆ ಗಾಳಕ್ಕೆ ಒಂದು ಎಲೆಯೋ ಜೊಂಡೋ ಸಿಕ್ಕಿದೆಯೆಂದು ತಿಳಿದು ಎಳೆದುಕೊಳ್ಳುತ್ತೇನೆ. ಮೊದಲ ದಿನಗಳಲ್ಲಿ ಹೀಗೆ ಎಲೆಯೊಂದನ್ನು ಒಂದು ಗಂಟೆ ಮೆರವಣಿಗೆ ಮಾಡಿಸಿದ್ದೂ ಉಂಟು. ಹಿಂಗಾಳಿಗೆ ದೋಣಿ ತಾನಾಗಿ ವೇಗ ಹಿಡಿದಾಗ ಹಿಂಬದಿಗೆ ಹಗ್ಗದಲ್ಲಿ ಒಂದು ಬಕೆಟ್ ಕಟ್ಟಿ ನೀರಿಗೆ ಬಿಡುವುದು ಯಾವ ಉಪಕರಣಕ್ಕೂ ಕಡಿಮೆಯಿಲ್ಲದ ಉಪಾಯ.

ನನ್ನ ಮೊದಲ ಟ್ರೌಟ್ ಸಿಕ್ಕಿದ್ದು ತಿರುವಿನಲ್ಲಿ. ಚುಕ್ಕಾಣಿ ಹಿಡಿದಿದ್ದ ಗೆಳೆಯ ಎದುರಿಗೆ ಬಂದ ಇನ್ನೊಂದು ದೋಣಿಗೆ ದಾರಿ ಬಿಡಲು ಬಲಕ್ಕೆ ತಿರುಗಿಸಿದಾಗ ಬಲಗಡೆಯ ಕೋಲು ಬಾಗಿತು. ದೋಣಿ ತಿರುಗುವಾಗ ಹೊರಬದಿಯ ಸ್ಪೂನ್ ವೇಗವಾಗಿ ಚಲಿಸಿ ಮೇಲೇಳುತ್ತದೆ, ಒಳಬದಿಯದ್ದು ನಿಧಾನವಾಗಿ ಕೆಳಗಿಳಿಯುತ್ತದೆ. ಒಳಬದಿಗೆ ಮೀನು ಬಿತ್ತೆಂದರೆ ಅವು ಇನ್ನೂ ನಿಧಾನವಾದದ್ದನ್ನು ಅಥವಾ ಇನ್ನೂ ಆಳದಲ್ಲಿರುವುದನ್ನು ಬಯಸುತ್ತಿವೆ ಎಂದರ್ಥ. ಆ ಹೊತ್ತಿಗೆ ಇದ್ಯಾವುದೂ ನನ್ನ ತಲೆಯಲ್ಲಿರಲಿಲ್ಲ. "ಎಂಜಿನ್ ನಿಲ್ಲಿಸೋ!" ಎಂದು ಕೂಗಿದೆ, ಅವನು ನಿಲ್ಲಿಸಿದ, ಅದು ಆ ದಿನದ ದೊಡ್ಡ ತಪ್ಪು. ದೋಣಿ ನಿಂತೊಡನೆ ಎಡಗಡೆಯ ಸೀಸದ ದಾರ ತಳಕ್ಕೆ ಇಳಿಯತೊಡಗಿತು, ಮೀನು ಅದರ ಕೆಳಗಿನಿಂದ ಅಡ್ಡ ಹಾಯ್ದಿತು, ಎರಡೂ ದಾರಗಳು ಜಡೆಯಂತೆ ಹೆಣೆದುಕೊಂಡವು. ವೇಗ ತಗ್ಗಿಸಿ, ಆದರೆ ಸಾಗುತ್ತಲೇ ಇರಬೇಕಿತ್ತು. ಹಾಗೆ ಮಾಡಿದರೆ ಮಿಕ್ಕ ದಾರ ಹಿಂದೆಯೇ ನೆಟ್ಟಗಿರುತ್ತದೆ, ಮೀನಿನ ದಾರ ಸಡಿಲವಾಗುವುದಿಲ್ಲ. ಟ್ರೌಟ್‌ನ ಬಾಯಿ ಮೃದು, ಜಗ್ಗಿದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಗಾಳ ಕಳಚುತ್ತದೆ. ಮೀನು ಜೋರಾಗಿ ಎಳೆದಾಗ ದಾರವನ್ನು ಹಿಡಿತದಲ್ಲಿ ಬಿಟ್ಟುಕೊಡುವ ರೀಲಿನ ಬಿಗಿತವನ್ನು (ಡ್ರ್ಯಾಗ್) ದಾರದ ಬಲದ ಕಾಲು ಭಾಗದಷ್ಟಕ್ಕೆ ಹೊಂದಿಸಿಟ್ಟಿದ್ದೊಂದೇ ಅಂದು ನಾನು ಮಾಡಿದ್ದ ಸರಿಯಾದ ಕೆಲಸ. ಹತ್ತು ನಿಮಿಷದ ಗೊಂದಲದ ಕೊನೆಗೆ ಗೆಳೆಯ ಬಲೆಯನ್ನು ನೀರಿನಲ್ಲಿ ಮುಂಚೆಯೇ ಮುಳುಗಿಸಿ ಹಿಡಿದ, ನಾನು ಮೀನನ್ನು ತಲೆ ಮುಂದಾಗಿ ಅದರೊಳಕ್ಕೆ ತಂದೆ. ಒಂದು ಮೊಳಕ್ಕಿಂತ ತುಸು ಕಡಿಮೆ ಉದ್ದದ ರೇನ್‌ಬೋ. ದಾರದ ಸಿಕ್ಕು ಬಿಡಿಸಲು ಆಮೇಲೆ ಮುಕ್ಕಾಲು ಗಂಟೆ ಹಿಡಿಯಿತು.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರು ಮೊದಲು ನುಂಗುವುದು ಕೆಂಪು ಬೆಳಕನ್ನು; ನೀಲಿ ಮತ್ತು ಹಸಿರು ತಿಳಿನೀರಿನಲ್ಲಿ ಬಹಳ ಆಳದವರೆಗೆ ಇಳಿಯುತ್ತವೆ. ನಾನು ಅಷ್ಟು ಆಸೆಯಿಂದ ಕಟ್ಟಿದ್ದ ಕೆಂಪು ಪಟ್ಟೆ 14 ಮೀಟರಿನಲ್ಲಿ ಮೀನಿಗೆ ಕಪ್ಪಾಗಿ ಕಂಡಿರಬೇಕು. ಸ್ಪೂನಿಗೂ ದಾರಕ್ಕೂ ನಡುವೆ ಒಂದು ಒಳ್ಳೆಯ ತಿರುಗುಣಿ ಇರಲೇಬೇಕು, ಇಲ್ಲವಾದರೆ ಸಂಜೆಯೊಳಗೆ ದಾರ ಹುರಿಗೊಂಡು ಕೆಲಸಕ್ಕೆ ಬಾರದಂತಾಗುತ್ತದೆ.

ಮಧ್ಯಾಹ್ನದ ಗಾಳಿಯ ಬಗ್ಗೆ ಮಾತ್ರ ವಿವರವಾಗಿ ಹೇಳಬೇಕು. ಬಿಸಿಲಿಗೆ ಬೆಟ್ಟದ ಇಳಿಜಾರುಗಳು ಕಾದಂತೆ ಗಾಳಿ ಕಣಿವೆಯಿಂದ ಮೇಲಕ್ಕೇರತೊಡಗುತ್ತದೆ, ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಬಿಳಿನೊರೆಯ ಅಲೆಗಳಿಂದ ತುಂಬುತ್ತದೆ, ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲೂ ಸೇರುವುದುಂಟು. ಉದ್ದನೆಯ ಕಾರ್ಬನ್ ಕೋಲುಗಳನ್ನು ಎತ್ತಿ ನಿಲ್ಲಿಸಿಕೊಂಡು ತೆರೆದ ನೀರಿನ ನಡುವೆ ಕೂರುವ ಹೊತ್ತಲ್ಲ ಅದು. ಎತ್ತರದಲ್ಲಿ ಎಂಜಿನ್ನಿನ ಬಲವೂ ಕುಗ್ಗುತ್ತದೆ: ಗಾಳಿ ತೆಳುವಾಗುವುದರಿಂದ ಸಾಮಾನ್ಯ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇಕಡ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, 2000 ಮೀಟರಿನಲ್ಲಿ ಐದನೆಯ ಒಂದು ಭಾಗ ಇರುವುದಿಲ್ಲ. ಎದುರುಗಾಳಿಯಲ್ಲಿ ದಡಕ್ಕೆ ಮರಳುವಾಗ ಇದು ಅರಿವಿಗೆ ಬರುತ್ತದೆ. ನೀರು ತೀರ ತಣ್ಣಗಿರುವಾಗ ಅದಕ್ಕೆ ಬಿದ್ದರೆ ಮೊದಲ ಒಂದು ನಿಮಿಷ ಚಳಿಯ ಹೊಡೆತಕ್ಕೆ ಉಸಿರು ಹಿಡಿತ ತಪ್ಪುತ್ತದೆ, ಹತ್ತು ನಿಮಿಷದೊಳಗೆ ಕೈಕಾಲು ಮರಗಟ್ಟುತ್ತವೆ. ಈಜು ಬಲ್ಲವರಿಗೂ ಇದೇ ಗತಿ. ಆದುದರಿಂದ ಜೀವರಕ್ಷಕ ಕವಚ ಸೀಟಿನ ಕೆಳಗಲ್ಲ, ಮೈಮೇಲೆ ಇರಬೇಕು. ನಾವು ನಸುಕಿನಲ್ಲಿ ಇಳಿದು ಹನ್ನೊಂದರೊಳಗೆ ದಡ ಸೇರುವುದನ್ನು ರೂಢಿ ಮಾಡಿಕೊಂಡೆವು, ಮೀನೂ ಹೆಚ್ಚಾಗಿ ಆ ಹೊತ್ತಿನಲ್ಲಿಯೇ ಸಿಗುತ್ತದೆ.

ಪರವಾನಗಿ, ಎಷ್ಟು ಮೀನು ಇಟ್ಟುಕೊಳ್ಳಬಹುದು, ಎಷ್ಟು ಕೋಲು ಬಳಸಬಹುದು ಎಂಬ ನಿಯಮಗಳು ಒಂದೊಂದು ಸರೋವರಕ್ಕೆ ಒಂದೊಂದು ರೀತಿ. ಹೊರಡುವ ಮುನ್ನ ಓದಿಕೊಳ್ಳಬೇಕು. ಮರಳಿ ಬಿಡುವ ಮೀನುಗಳಿಗಾಗಿ ನಾನು ಗಾಳದ ತುದಿಯ ಹಿಮ್ಮುಖದ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿಟ್ಟುಕೊಳ್ಳುತ್ತೇನೆ. ಟ್ರೌಟ್ ತನ್ನ ಗಾಳಿಚೀಲದ ಗಾಳಿಯನ್ನು ಬಾಯಿಯ ಮೂಲಕ ಹೊರಬಿಡಬಲ್ಲದು, ಆದುದರಿಂದ ಆಳದಿಂದ ಮೇಲೆ ಬಂದರೂ ಇತರ ಹಲವು ಮೀನುಗಳಂತೆ ಉಬ್ಬಿ ತೇಲುವುದು ಕಡಿಮೆ. ಅದನ್ನು ಕೊಲ್ಲುವುದು ಹೆಚ್ಚಾಗಿ ಮೇಲ್ನೀರಿನ ಬಿಸಿ. ಮೇಲ್ಮೈ 20 ಡಿಗ್ರಿ ದಾಟಿದ ದಿನ ಹಿಡಿದು ಬಿಡುವ ಆಟವನ್ನೇ ಆಡುವುದಿಲ್ಲ, ಬೇಕಾದಷ್ಟನ್ನು ಹಿಡಿದು ದಾರ ಸುತ್ತಿಕೊಳ್ಳುತ್ತೇನೆ.

ಆ ವರ್ಷದ ಅಕ್ಟೋಬರಿನಲ್ಲಿ ನನ್ನ ನೋಟುಪುಸ್ತಕ ಕೈಕೊಟ್ಟಿತು. ಹತ್ತು ಬಣ್ಣ ಬಿಟ್ಟು ಎರಡು ಗಂಟೆ ಸುತ್ತಿದರೂ ಏನೂ ಸಿಗಲಿಲ್ಲ, ಸೋನಾರಿನಲ್ಲಿ ಆ ಮಸುಕಾದ ಪಟ್ಟಿಯೂ ಇರಲಿಲ್ಲ. ಥರ್ಮಾಮೀಟರ್ ಇಳಿಸಿದರೆ ಮೇಲೆಯೂ 10, ಇಪ್ಪತ್ತು ಮೀಟರ್ ಕೆಳಗೂ ಹೆಚ್ಚುಕಡಿಮೆ ಅಷ್ಟೇ. ರಾತ್ರಿಯ ಚಳಿಗೆ ಮೇಲ್ನೀರು ತಣಿದು ಕೆಳಗಿಳಿದು ಪದರಗಳು ಕಲೆಸಿಹೋಗಿದ್ದವು, ಮೀನಿಗೆ ಈಗ ಎಲ್ಲ ಆಳವೂ ಹಿತವೇ ಆಗಿತ್ತು. ಸೀಸದ ದಾರವನ್ನು ಸುತ್ತಿಟ್ಟು, ಬರೀ ನೈಲಾನ್ ದಾರಕ್ಕೆ ಆ ಹಳೆಯ ಬೆಳ್ಳಿ ಸ್ಪೂನನ್ನೇ ಕಟ್ಟಿ, ತಿಳಿನೀರಿನಲ್ಲಿ ದೋಣಿಗೆ ಹೆದರಿ ಸರಿಯುವ ಮೀನಿಗೆ ಮರಳಿ ಬರಲು ಸಮಯ ಸಿಗಲೆಂದು 60 ಮೀಟರ್ ಹಿಂದಕ್ಕೆ ಬಿಟ್ಟು, ದಡದ ಗುಂಟ ನಿಧಾನವಾಗಿ ಸಾಗಿದೆವು. ಒಂಬತ್ತು ಗಂಟೆಯೊಳಗೆ ಮೂರು ಟ್ರೌಟ್ ಸಿಕ್ಕಿದವು. ಸ್ಪೂನ್ ಆಗ ಇದ್ದದ್ದು ಎರಡು ಮೀಟರ್ ಆಳದಲ್ಲಿ, ಜುಲೈನಲ್ಲಿ ಹದಿನಾರು ಗಂಟೆ ಅದನ್ನು ಬರಿದೇ ಎಳೆದಾಡಿದ್ದ ಅದೇ ಆಳದಲ್ಲಿ.